ಮಗನ ಕಂಪನಿಯ ಮಾತ್ರೆ

ಸಿಂಗಾಪುರ ಬಡಾವಣೆ, ಬೆಂಗಳೂರು
೧೪ ಜೂನ್ ೨೦೨೫

ಪ್ರೀತಿಯ ತಮ್ಮ ಮನೋಹರಾ,

ಆರೋಗ್ಯವಾಗಿದ್ದೀಯಾ? ಹುಬ್ಬಳ್ಳಿಯ ಡಾಕ್ಟರುಗಳ ಬಾಗಿಲಲ್ಲಿ ಕಂಪನಿಯ ಮಾತ್ರೆಗಳ ಬ್ಯಾಗು ಹಿಡಿದು ಕಾಯುತ್ತಾ ಮಧ್ಯಾಹ್ನದ ಊಟವನ್ನು ಸಂಜೆಗೆ ಮಾಡಬೇಡ. ಜೋಳದ ರೊಟ್ಟಿ ಹಿಡಿಸಿದೆಯೆಂದು ಅಮ್ಮನ ಹತ್ತಿರ ಮಾತ್ರ ಹೇಳಬೇಡ. ಮಗ ಮುದ್ದೆ ಬಿಟ್ಟನೆಂದು ಬೇಜಾರು ಮಾಡಿಕೊಳ್ಳುತ್ತಾಳೆ. ಫೋನಿನಲ್ಲಿ ಮಾತಾಡೋಣವೆಂದರೆ ಪಕ್ಕದಲ್ಲೇ ಕಿವಿ ಕೊಟ್ಟು ಕೂರುತ್ತಾಳೆ. ಪಕ್ಕದ ಮನೆ ಶಿವಪ್ರಕಾಶ ಇವತ್ತು ಹುಬ್ಬಳ್ಳಿಗೆ ಹೊರಟಿದ್ದಾನೆ, ಅವನ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ.

ವಿಷಯ ಅಮ್ಮ ನುಂಗುವ ನಿನ್ನ ಕಂಪನಿಯ ಬಿಪಿ ಮಾತ್ರೆಯದು. ಯುಗಾದಿಗೆ ಬಂದಾಗ ನಿನ್ನನ್ನೇ ಕೇಳಿದ್ದೆ, ಪೇಟೆಂಟ್ ಮುಗಿದು ಎಷ್ಟೋ ವರ್ಷವಾದ, ಹತ್ತಾರು ಕಂಪನಿಗಳು ಮಾಡುವ ಮಾತ್ರೆಗೆ ಇನ್ನೂ ಇಷ್ಟೊಂದು ರೇಟು ಯಾಕೆ ಎಂದು. ನೀನು ಒಬ್ಬಟ್ಟು ಮುರಿಯುತ್ತಾ, "ಬರೆಯೋರು ಡಾಕ್ಟ್ರು, ದುಡ್ಡು ಕೊಡೋರು ಪೇಷೆಂಟು. ಚೌಕಾಸಿ ಮಾಡೋರು ಯಾರಕ್ಕಾ? ರೇಟು ಇರೋದು ಕಂಪ್ನಿ ಇಟ್ಟ ಹೆಸರಿಗೆ" ಎಂದು ನಕ್ಕೆ. ಆ ಹೆಸರನ್ನು ಡಾಕ್ಟರ ತಲೆಗೆ ತುಂಬುವವನು ನೀನೇ ಅಲ್ಲವೇನೋ ಎಂದು ನಾನೂ ರೇಗಿಸಿದೆ. ಈಗ ಆ ಮಾತಿಗೆ ನಗು ಬರುತ್ತಿಲ್ಲ.

ಹೋದ ತಿಂಗಳು ಜನೌಷಧಿ ಅಂಗಡಿಯಿಂದ ಅದೇ ಔಷಧಿ, ಅದೇ ಮಿಲಿಗ್ರಾಂ ತಂದೆ. ಬೆಲೆ ನಿನ್ನದರ ಕಾಲು ಭಾಗವೂ ಇಲ್ಲ. ಡಾಕ್ಟರಿಗೂ ತೋರಿಸಿದೆ, ಧಾರಾಳವಾಗಿ ಕೊಡಿ ಎಂದರು. ಅಮ್ಮ ಮುಟ್ಟಲಿಲ್ಲ. "ಮನು ಕಂಪ್ನೀದು ಬುಟ್ಟು ಬ್ಯಾರೇದ್ ತಗಂಡ್ರೆ, ನನ್ ಮಗನ ಅನ್ನಕ್ಕೆ ನಾನೇ ಕಲ್ಲಾಕ್ದಂಗಾಗಲ್ವಾ" ಎನ್ನುತ್ತಾಳೆ. ಎದುರುಮನೆ ಮುನಿಗಂಗಪ್ಪನವರಿಗೂ ನಿನ್ನ ಮಾತ್ರೆಯನ್ನೇ ಬರೆಸಿಕೊಳ್ಳಲು ಹೇಳಿ ಡಾಕ್ಟರ ಹತ್ತಿರ ಅಟ್ಟಿದ್ದಾಳೆ. ಸಂಬಳವಿಲ್ಲದೆ ನಿನ್ನ ಕೆಲಸ ಮಾಡುತ್ತಿದ್ದಾಳೆ ಪುಣ್ಯಾತ್ಗಿತ್ತಿ. ಮಾತ್ರೆಗೆ ನನ್ನ ದುಡ್ಡೂ ಬೇಡವಂತೆ, ತನ್ನ ಪಿಂಚಣಿಯಲ್ಲೇ ಆಗಬೇಕಂತೆ. ಆ ಹಟ ನಿನಗೆ ಗೊತ್ತಿರುವುದೇ.

ನಿನ್ನ ಭಾವ ಕೇಳಿದರೆಂದು ತಿಳಿಸಲು ಹೇಳಿದ್ದಾರೆ. ದೇವರು ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ ಅಕ್ಕ,
ರಾಧಾಮಣಿ

ತಾ.ಕ.: ಶಿವಪ್ರಕಾಶ ರೈಲಿಗೆ ಹೊತ್ತಾಯಿತೆಂದು ಬಾಗಿಲಲ್ಲೇ ನಿಂತಿದ್ದಾನೆ. ಬರೆಯುವುದೋ ಬೇಡವೋ ಎಂದು ಇಷ್ಟು ಹೊತ್ತು ತಡೆದೆ. ನಿನ್ನ ಮಾತ್ರೆ ತಿಂಗಳು ಪೂರ್ತಿ ಬರಲೆಂದು ಅಮ್ಮ ದಿನ ಬಿಟ್ಟು ದಿನ ನುಂಗುತ್ತಿದ್ದಾಳೆ. ಸೋಮವಾರ ಬಚ್ಚಲ ಬಾಗಿಲಲ್ಲಿ ತಲೆ ಸುತ್ತಿ ಕೂತುಬಿಟ್ಟಾಗ ನಿಜ ಹೇಳಿದಳು. ನನಗೆ ತುಂಬಾ ಭಯವಾಗಿದೆ ಕಣೋ. ನಾನು ಹೇಳಿದರೆ ಕೇಳುವುದಿಲ್ಲ. ಕಾಗದ ಓದಿದ ಕೂಡಲೇ ಫೋನ್ ಮಾಡು. ನಿನ್ನ ಕಂಪನಿಯ ಮಾತ್ರೆ ಬೇಡವೆಂದು ನೀನೇ ಅವಳಿಗೆ ಹೇಳು.