ಅಪ್ಪನ ಕಲ್ಲಿನ ಮೇಲೆ 10001

ಅಣ್ಣನಿಗೆ,

ನಿನ್ನೆ ಅಪ್ಪನ ಸಮಾಧಿಗೆ ಹೋಗಿದ್ದೆ. ನೀನು ನಿಲ್ಲಿಸಿದ ಕಲ್ಲು ಚೆನ್ನಾಗಿದೆ, ಅದರ ಮೇಲಿನ ಸಂಖ್ಯೆ ಮಾತ್ರ ತಪ್ಪು. "ನನ್ನ ಕಲ್ಲಿಗೆ ಹೊಗಳಿಕೆ ಬೇಡ, 10007 ಅಂತ ಬರೆಸಿ, ಸಾಕು. ಐದಂಕಿಯಲ್ಲಿ ಮೊದಲನೇ ಅವಿಭಾಜ್ಯ ಅದು, ಯಾರಿಗೂ ಬಗ್ಗಲ್ಲ" ಎಂದು ಲೆಕ್ಕದ ಮೇಷ್ಟ್ರಾಗಿದ್ದ ಅಪ್ಪ ನಮ್ಮಿಬ್ಬರಿಗೂ ಹೇಳಿದ್ದರು. ನೀನು 10001 ಕೆತ್ತಿಸಿದ್ದೀಯ.

ಫೋನಿನಲ್ಲಿ ಕೇಳಿದರೆ, "ಅದೂ ಅವಿಭಾಜ್ಯನೇ ಕಣೇ. ಎಪ್ಪತ್ತೊಂದರ ತನಕ ಭಾಗಿಸಿ ನೋಡಿದೀನಿ. ನೋಡೋಕೂ ಚೆಂದ" ಅಂದೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ವರ್ಗಮೂಲದ ತನಕ, ಅಂದರೆ ಇಲ್ಲಿ ನೂರರ ತನಕ, ನೋಡಬೇಕು ಎಂದು ಅಪ್ಪ ಕಿವಿ ಹಿಂಡಿ ಕಲಿಸಿದ್ದು ಮರೆತೆಯಾ? ಎಪ್ಪತ್ತೊಂದಾದ ಮೇಲೆ ಬರುವ ಅವಿಭಾಜ್ಯವೇ ಎಪ್ಪತ್ತಮೂರು. ಅದನ್ನು ನೂರ ಮೂವತ್ತೇಳರಿಂದ ಗುಣಿಸು, ನಿನ್ನ 10001 ಎದುರಿಗೇ ಬಂದು ನಿಲ್ಲುತ್ತದೆ. ಜೀವಮಾನವಿಡೀ ತಪ್ಪು ಉತ್ತರಕ್ಕೆ ಕೆಂಪು ಗೀಟು ಎಳೆದ ಅಪ್ಪನನ್ನು ತಪ್ಪು ಉತ್ತರದ ಕೆಳಗೆ ಮಲಗಿಸಿದ್ದೀಯ.

ಕಲ್ಲು ಕೆತ್ತಿದವನನ್ನೇ ವಿಚಾರಿಸಿದ್ದೇನೆ. ಕೊನೆಯ ಒಂದರ ನೆತ್ತಿಗೆ ಒಂದು ಗೀಟು ಕೊಟ್ಟರೆ ಏಳಾಗುತ್ತದಂತೆ. ಮುಂದಿನ ವಾರ ಬರುತ್ತಾನೆ, ನಿನ್ನ ಒಪ್ಪಿಗೆ ತಿಳಿಸು.

ಉಳಿ ಹೇಗೂ ಕೈಯಲ್ಲಿರುತ್ತದೆ, ಇನ್ನೊಂದು ಕೆಲಸವೂ ಆಗಿಬಿಡಲಿ. ಸಂಖ್ಯೆಯ ಕೆಳಗೆ 'ಅಪ್ಪನ ನೆನಪಿಗೆ, ಮಗನಿಂದ' ಎಂದಷ್ಟೇ ಇದೆ. ಅಪ್ಪನಿಗೆ ಮಕ್ಕಳು ಇಬ್ಬರು. ಈ ಲೆಕ್ಕಕ್ಕೆ ನೀನು ಎಪ್ಪತ್ತೊಂದರ ತನಕವೂ ಹೋಗಬೇಕಾಗಿಲ್ಲ.

ಇಂತಿ,
ಅದೇ ಅಪ್ಪನ ಮಗಳು