ಕೂರದ ಮುಚ್ಚಳ

ಕ್ಲೈಡ್ ದಂಡೆ
೧೧ ನವೆಂಬರ್ ೧೯೧೭

ಮಗಳೇ ಮೊರಾಗ್,

ನಿನ್ನ ಮೂರು ಕಾಗದಗಳೂ ಮೇಜಿನ ಮೇಲಿವೆ, ಉತ್ತರಕ್ಕೆ ಸತಾಯಿಸಿದೆನೆಂದು ಮುನಿಯಬೇಡ. ಅಮ್ಮನ ಕೆಮ್ಮು ಇಳಿದಿದೆ. ಮಗುವಿಗೆ ಉಣ್ಣೆಯ ಕಾಲುಚೀಲ ಹೆಣೆಯುತ್ತಿದ್ದಾಳೆ, ಒಂದು ಮುಗಿದಿದೆ. ಅಂಚೆಯಲ್ಲಿ ಒಡೆದು ಓದುತ್ತಾರೆಂದು ಈ ಕಾಗದವನ್ನು ಅಲ್ಲಿ ಹಾಕದೆ ನೆರೆಮನೆಯ ಜೀನ್ ಕೈಲಿ ಕಳಿಸುತ್ತಿದ್ದೇನೆ. ಓದಿ ಸುಟ್ಟುಬಿಡು.

ಹೋದ ಭಾನುವಾರ ನಿನ್ನ ಗಂಡ ಲಾಕ್ಲನ್ ಚಹಾಕ್ಕೆ ಬಂದಿದ್ದ. ಓಟ್ಸ್ ರೊಟ್ಟಿ ಮುರಿದು ತಟ್ಟೆಯಲ್ಲೇ ಬಿಟ್ಟ. ಜುಲೈನ ಸಂಗತಿ ಅವನು ನಿನಗೆ ಹೇಳಿಲ್ಲವಂತೆ. ಪತ್ರಿಕೆಗಳಲ್ಲೂ ಬರಲಿಲ್ಲ. ನಾನೇ ಹೇಳುತ್ತೇನೆ.

ಅವನ ಜಲಾಂತರ್ಗಾಮಿಯ ನಕ್ಷೆಯಲ್ಲಿ ನನ್ನ ಕೈಯೂ ಇದೆ. ದೊಡ್ಡ ಯುದ್ಧನೌಕೆಗಳ ಜೊತೆ ಓಡುವ ವೇಗ ಬೇಕೆಂದು ನೌಕಾಪಡೆ ಹಟ ಹಿಡಿಯಿತು. ಅಷ್ಟು ವೇಗಕ್ಕೆ ಹಬೆ ಬೇಕು. ಹಬೆಗೆ ಕುಲುಮೆ, ಕುಲುಮೆಗೆ ಹೊಗೆಕೊಳವೆ, ಗಾಳಿಗಂಡಿ. ಮುಳುಗುವ ಮುನ್ನ ಎಲ್ಲವನ್ನೂ ಮುಚ್ಚಬೇಕು. "ತೂತು ಜಾಸ್ತಿ ಆಯ್ತು ಸ್ವಾಮಿ" ಅಂದೆ. "ಇಮ್ರಿ, ಗೆರೆ ಎಳೆಯೋದು ನಿನ್ನ ಕೆಲಸ, ಹೆದರೋದಲ್ಲ" ಎಂದರು ನಮ್ಮ ಮುಖ್ಯಸ್ಥರು. ಲಾಕ್ಲನ್‌ನ ಜೊತೆಗಾರರು, "ಒಲೆ ಹಚ್ಕೊಂಡು ಬಾವಿಗೆ ಇಳೀತೀವಿ ನೋಡು" ಎಂದು ನಗುತ್ತಿದ್ದರಂತೆ.

ಪರೀಕ್ಷೆಗೆಂದು ಮುಳುಗಿದಾಗ ಒಂದು ಗಾಳಿಗಂಡಿಯ ಮುಚ್ಚಳ ಪೂರ್ತಿ ಕೂರಲಿಲ್ಲ. ಹಿಂಭಾಗಕ್ಕೆ ನೀರು ನುಗ್ಗಿತು. ಲಾಕ್ಲನ್ ಆಗಷ್ಟೇ ಏನೋ ಹೇಳಲು ಮುಂಭಾಗಕ್ಕೆ ಬಂದಿದ್ದ.

"ಮಾವ, ನಡುಬಾಗಿಲಿನ ತಿರುಪು ಬಿಗಿದದ್ದು ನಾನೇ. ನನ್ನ ಜೊತೆಗಾರ ಯುಅನ್ ಆಚೆಯಿಂದ ನನ್ನ ಹೆಸರು ಹಿಡಿದು ಕೂಗ್ತಿದ್ದ. ಆಮೇಲೆ ಬರೀ ಬಡೀತಿದ್ದ. ಆಮೇಲೆ ಅದೂ ಇಲ್ಲ" ಎಂದ ಭಾನುವಾರ.

ಎರಡು ದಿನದ ಮೇಲೆ ಹಡಗಿನ ಮೂತಿಯನ್ನು ನೀರಿನಿಂದ ಎತ್ತಿ, ಕಬ್ಬಿಣ ಕೊರೆದು ಮುಂದಿದ್ದವರನ್ನು ಹೊರತೆಗೆದರು. ಹಿಂದಿದ್ದ ಇಪ್ಪತ್ತಾರು ಜನ ಹೋದರು.

ಆಮೇಲೆ ಅದೇ ಹಡಗನ್ನು ಎತ್ತಿ, ತೊಳೆದು, ಹೊಸ ಅಂಕಿ ಬರೆದರು. ಗಂಡಿಗಳು ಅಷ್ಟೇ ಇವೆ. ಇಂದು ಬೆಳಿಗ್ಗೆ ಅದು ಉತ್ತರ ಸಮುದ್ರಕ್ಕೆ ಹೊರಟಿತು, ಲಾಕ್ಲನ್ ಅದರಲ್ಲೇ ಇದ್ದಾನೆ. ಹತ್ತುವ ಮುನ್ನ, "ಹೊಸ ಅಂಕಿ ಬರೆದ್ರೆ ಅದಕ್ಕೆ ಹಳೇದು ಮರೆಯುತ್ತಾ ಮಾವ?" ಎಂದ. ಎರಡೂ ಹೊಗೆಕೊಳವೆಗಳು ಮಂಜಿನಲ್ಲಿ ಕರಗುವವರೆಗೆ ನಿಂತಿದ್ದೆ.

ದೇವರು ನಿನ್ನನ್ನೂ ಮಗುವನ್ನೂ ಕೈಬಿಡದಿರಲಿ. ಬೆಚ್ಚಗಿರು, ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅಪ್ಪ,
ಆರ್ಚಿಬಾಲ್ಡ್ ಇಮ್ರಿ

ಮತ್ತೊಂದು ಮಾತು. ಮರೆತದ್ದಲ್ಲ, ಬರೆಯಲು ಕೈ ಬಾರದ್ದು. ಲಾಕ್ಲನ್‌ಗೆ ಮೊದಲು ದೂರದ ಸಾಗರದ ಹಡಗಿಗೆ ಆಜ್ಞೆಯಾಗಿತ್ತು. ನೀನು ಆಗ ಬಸುರಿ. ನಕ್ಷೆ ಗೊತ್ತಿದ್ದೂ ನನಗೆ ಆ ದೂರವೇ ಹೆಚ್ಚು ಭಯವೆನಿಸಿತು. ಅಧಿಕಾರಿಯೊಬ್ಬರನ್ನು ಕಾಡಿ ಬೇಡಿ ಈ ಜಲಾಂತರ್ಗಾಮಿಗೆ ಹಾಕಿಸಿದವನು ನಾನು. ಬುಧವಾರ ಮತ್ತೆ ಅವರ ಬಳಿ ಹೋಗಿ, ಅವನನ್ನು ಇದರಿಂದ ಇಳಿಸಿಕೊಡಿ ಎಂದೆ. "ಹಾಕಿ ಅಂದವರೂ ನೀವೇ ಅಲ್ವಾ?" ಎಂದರು, ತಲೆ ಎತ್ತಿಯೂ ನೋಡಲಿಲ್ಲ. ಆಜ್ಞೆ ಬದಲಾದ ದಿನ ಲಾಕ್ಲನ್, "ಅದೃಷ್ಟ ಅಂದ್ರೆ ಇದು ಮಾವ" ಎಂದು ನನ್ನನ್ನು ತಬ್ಬಿಕೊಂಡಿದ್ದ. ಅವನಿಗೆ ಇಂದಿಗೂ ಗೊತ್ತಿಲ್ಲ.