ಈ ವರ್ಷ ನಾನು ಆರಿಸದ ಚಿತ್ರ

ಬಿಷ್ಕೆಕ್,
ಡಿಸೆಂಬರ್ ೧೭

ಎಲಮಾನ್,

'ಪ್ರೀತಿಯ' ಎಂದು ಬರೆಯಹೋಗಿ ಕೈ ನಿಂತಿತು. ಬರೀ ಹೆಸರಿನಿಂದಲೇ ಶುರುಮಾಡಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ. ನೀನು, ನಿನ್ನ ಅಮ್ಮ, ನಿಮ್ಮ ಮನೆಯ ಕುರಿಗಳು ಎಲ್ಲರೂ ಚೆನ್ನಾಗಿದ್ದೀರೆಂದು ತಿಳಿದಿದ್ದೇನೆ. ನಾರಿನ್ ಕಡೆ ಈ ಸಲ ಹಿಮ ಜೋರಂತೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ನಡುವೆ ಬಾಯಿ ಹಾಕುತ್ತೀಯ, ನಾನು ಸಿಟ್ಟಿಗೆದ್ದು ಇಟ್ಟುಬಿಡುತ್ತೇನೆ. ಪತ್ರವಾದರೆ ಕೊನೆಯವರೆಗೂ ಓದಲೇಬೇಕು. ನಾಳೆ ನಾರಿನ್ ಟ್ಯಾಕ್ಸಿಯವರ ಕೈಯಲ್ಲಿ ಕಳಿಸುತ್ತೇನೆ.

ನೀನು ಎರಡು ವಿಷಯ ಕೇಳಿದ್ದೆ. ನೀನು ಮಾಡಿದ ಸಿನಿಮಾ ನೋಡಿದೆನಾ ಎನ್ನುವುದು ಒಂದು. ನನ್ನ ಅಪ್ಪನ ವರ್ಷದ ಊಟಕ್ಕೆ ಬರಬಹುದಾ ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಕೊಟ್ಟರೆ ಎರಡನೆಯದಕ್ಕೂ ಕೊಟ್ಟಂತೆಯೇ. ಅದಕ್ಕೇ ಇಷ್ಟು ದಿನ ಬಾಯಿ ಬಿಡಲಿಲ್ಲ.

ನೋಡಿದೆ, ಒಬ್ಬಳೇ ಹೋಗಿ ನೋಡಿದೆ. ಶುಕ್ರವಾರ ಪತ್ರಿಕೆಯಲ್ಲಿ ನನ್ನ 'ಈ ವರ್ಷದ ನನ್ನ ಚಿತ್ರ' ಅಂಕಣ ಬರುತ್ತದೆ. ಅದರಲ್ಲಿ ನಿನ್ನ ಚಿತ್ರದ ಹೆಸರಿಲ್ಲ. ಬೇರೆಯವರ ಬಾಯಿಂದ ತಿಳಿಯುವ ಮೊದಲು ನಾನೇ ಹೇಳಬೇಕೆನಿಸಿತು.

ಆರಿಸಿದ್ದು ಕರಾಕೋಲ್‌ನ ಹುಡುಗಿಯೊಬ್ಬಳು ಮಾಡಿದ ಹಾಸ್ಯಚಿತ್ರ. ಮಿನಿಬಸ್ಸಿನ ಚಾಲಕನೊಬ್ಬ ದಿಬ್ಬಣವನ್ನು ದಾರಿ ತಪ್ಪಿಸಿ ಇನ್ಯಾರದೋ ಮದುವೆಮನೆಗೆ ಮುಟ್ಟಿಸುತ್ತಾನಲ್ಲ, ಅದು. ಚೆನ್ನಾಗಿಯೇ ಇದೆ, ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೇನೆ. ಆದರೆ ಮನೆಗೆ ಬಂದು ಚಹಾಕ್ಕೆ ನೀರಿಡುವಷ್ಟರಲ್ಲಿ ಮರೆತೂಬಿಟ್ಟಿದ್ದೆ. ನಿನ್ನದು ಎರಡು ತಿಂಗಳಾದರೂ ತಲೆಯಿಂದ ಹೋಗಿಲ್ಲ. ಇದನ್ನು ಅಂಕಣದಲ್ಲಿ ಬರೆಯಲಿಲ್ಲ.

ನಮ್ಮ ಸಂಪಾದಕಿ ಜಿಪಾರ್ ಬಲು ಚುರುಕು, ನಿನಗೇ ಗೊತ್ತು. ಓದಿದವಳೇ ಕನ್ನಡಕ ತೆಗೆದಿಟ್ಟು, "ನಿಜ ಹೇಳು ಬೆಗಿಮಾಯ್, ಇದೇನಾ ನಿನ್ನ ಚಿತ್ರ? ಗಂಡನ್ನ ಬಿಟ್ಟಿದ್ದೀಯ ಅಂತ ಗಂಡನ ಸಿನಿಮಾನೂ ಬಿಡ್ಬೇಕಾ?" ಎಂದಳು. "ಆರಿಸಿದ್ರೆ ಗಂಡನ್ನ ಹೊಗಳಿದ್ಲು ಅಂತಾರೆ, ಬಿಟ್ರೆ ಹಗೆ ತೀರಿಸ್ಕೊಂಡ್ಲು ಅಂತಾರೆ. ನಾನೇನ್ ಮಾಡ್ಲಿ ಅಕ್ಕಾ?" ಎಂದೆ. "ಬೈಸ್ಕೊಳ್ಳೋದು ಹೆಂಗೂ ತಪ್ಪಲ್ಲ, ನಿಜಾನೇ ಬರ್ದು ಬೈಸ್ಕೊ" ಎಂದಳು. ನಾನು ಬ್ಯಾಗು ಎತ್ತಿಕೊಂಡು ಬಂದುಬಿಟ್ಟೆ.

ಹೊಸ ವರ್ಷದ ಹಿಂದಿನ ದಿನ ನಾವಿಬ್ಬರೂ ವರ್ಷದ ಚಿತ್ರ ಯಾವುದೆಂದು ಜಗಳಕ್ಕೆ ಕೂರುತ್ತಿದ್ದೆವು. ಅಪ್ಪ ತೋಕ್ಮೋಕ್‌ನಿಂದ ಬಂದು ನ್ಯಾಯ ಹೇಳುವವರಂತೆ ನಡುವೆ ಕೂರುತ್ತಿದ್ದರು. ಇಬ್ಬರ ವಾದವನ್ನೂ ಕೇಳಿ, "ಎರಡೂ ಬೇಡ, ಕುದುರೆ ಇರೋ ಸಿನಿಮಾ ಯಾವ್ದಾದ್ರೂ ಇದ್ರೆ ಹೇಳಿ" ಎನ್ನುತ್ತಿದ್ದರು. ಆಮೇಲೆ ನಿನ್ನ ಕಡೆ ತಿರುಗಿ, "ನಾರಿನ್‌ನಲ್ಲಿ ಹುಟ್ಟಿ ಕುದುರೆ ಹತ್ತಕ್ಕೆ ಬರಲ್ಲ ನಮ್ಮ ಅಳಿಯಂಗೆ. ಪುಣ್ಯಕ್ಕೆ ಕ್ಯಾಮೆರಾ ಒದೆಯಲ್ಲ" ಎಂದು ರೇಗಿಸುತ್ತಿದ್ದರು. ಹೆತ್ತ ಮಗನನ್ನೂ ಅವರು ಅಷ್ಟು ಪ್ರೀತಿಯಿಂದ ರೇಗಿಸಿದ್ದಿಲ್ಲ. ನಿನ್ನ ಮೇಲೆ ನನಗೆ ಅಷ್ಟು ಕೋಪ ಬಂದದ್ದೂ ಅದಕ್ಕೇ.

ಅಪ್ಪನನ್ನು ಮಣ್ಣು ಮಾಡಿದ ದಿನದ ಕಥೆ ನಿನಗೂ ಗೊತ್ತು, ಆದರೆ ಹೊರಗಿನಿಂದ ಗೊತ್ತು. ಅಂಗಳದಲ್ಲಿ ಕಂಬಳಿಯ ಡೇರೆ ಎಬ್ಬಿಸಿ ಅಪ್ಪನನ್ನು ಮಲಗಿಸಿದ್ದರು. ನಾನು, ಅಮ್ಮ, ಚಿಕ್ಕಮ್ಮಂದಿರು ಬಾಗಿಲಿಗೆ ಬೆನ್ನು ಹಾಕಿ, ಡೇರೆಯ ಗೋಡೆ ನೋಡುತ್ತ ಕೂತಿದ್ದೆವು. ಹೊರಗೆ ಗಂಡಸರು ಒಬ್ಬೊಬ್ಬರೇ ಗೋಳಿಡುತ್ತ ಬರುತ್ತಿದ್ದರು. ದನಿ ಕೇಳಿದರೆ ಸಾಕು, ಬಂದವರು ಯಾರೆಂದು ಒಳಗೆ ತಿಳಿಯುತ್ತದೆ. ಒಂದೊಂದು ದನಿಗೂ ನಾವು ಒಳಗಿನಿಂದ ಕೊಶೋಕ್ ಹಾಡಿ ಅಳುತ್ತ ಉತ್ತರ ಕೊಡುತ್ತಿದ್ದೆವು. ಅಣ್ಣ ಅತ್ತ. ದೊಡ್ಡಪ್ಪನ ಮಕ್ಕಳು ಅತ್ತರು. ಅಪ್ಪನ ಜೊತೆ ಮಾತು ಬಿಟ್ಟಿದ್ದ ಪಕ್ಕದ ಮನೆಯವನೂ ಬಂದು ಎದೆ ಬಡಿದುಕೊಂಡು ಅತ್ತ. ನಾನು ನಿನ್ನ ದನಿಗೆ ಕಾಯುತ್ತಿದ್ದೆ. ಅದು ಬರಲೇ ಇಲ್ಲ. ಅಪ್ಪನನ್ನು ಎತ್ತುವಾಗ ತಿರುಗಿ ನೋಡಿದರೆ ನೀನು ಅಲ್ಲೇ, ಬಾಗಿಲ ಹತ್ತಿರವೇ ನಿಂತಿದ್ದೆ. ಕಣ್ಣೂ ಒದ್ದೆಯಾಗಿರಲಿಲ್ಲ.

"ಸಿನಿಮಾದವ್ನು. ಯಾರಾದ್ರೂ 'ಶುರು' ಅಂದ್ರೇನೇ ಅಳು ಬರೋದೇನೋ" ಎಂದು ಚಿಕ್ಕಮ್ಮ ಅಂದದ್ದು ಇಡೀ ಅಂಗಳಕ್ಕೇ ಕೇಳಿಸಿತು. ಆ ರಾತ್ರಿ ಅಡುಗೆಮನೆಯಲ್ಲಿ ನೀನು, "ಬಾಯಿ ತೆರೆದೆ, ದನಿ ಬರ್ಲಿಲ್ಲ" ಎಂದೆ. ನಾನು ನಂಬಲಿಲ್ಲ. ನಲವತ್ತನೆಯ ದಿನದ ಊಟ ಮುಗಿಸಿ ತೋಕ್ಮೋಕ್‌ನಲ್ಲಿ ಅಮ್ಮನ ಮನೆಯಲ್ಲೇ ಉಳಿದೆ. ನಾನು ಬಿಷ್ಕೆಕ್‌ಗೆ ಮರಳುವ ಹೊತ್ತಿಗೆ ನೀನು ನಾರಿನ್ ಸೇರಿದ್ದೆ.

ಈಗ ನಿನ್ನ ಚಿತ್ರ. ನೀನು ನಿನ್ನ ಕಡೆಯ ಕಥೆ ಹೇಳಿರುತ್ತೀಯ ಎಂದುಕೊಂಡು ಹೋಗಿದ್ದೆ. ಅಳಲಾಗದ ಗಂಡಸು, ಅವನ ಮುಖ, ಹಿಂದೆ ಹಿಮದ ಬೆಟ್ಟ, ಹಾಗೇನಾದರೂ ಇದ್ದಿದ್ದರೆ ಎದ್ದು ಬರೋಣ ಎಂದು ಬಾಗಿಲ ಪಕ್ಕದ ಕುರ್ಚಿಯನ್ನೇ ಹಿಡಿದಿದ್ದೆ. ನೀನು ಹಾಗೆ ಮಾಡಿಲ್ಲ. ಕ್ಯಾಮೆರಾವನ್ನು ಡೇರೆಯ ಒಳಗೆ, ನಮ್ಮ ನಡುವೆ, ಗೋಡೆಗೆ ಮುಖ ಮಾಡಿ ಕೂರಿಸಿಬಿಟ್ಟಿದ್ದೀಯ. ಅಷ್ಟು ಹೊತ್ತೂ ತೆರೆಯ ಮೇಲೆ ಬರೀ ಕಂಬಳಿ. ಹೊರಗಿನಿಂದ ಒಂದೊಂದೇ ದನಿ. ಒಳಗೆ ಒಬ್ಬ ಹೆಂಗಸಿನ ಬೆನ್ನು. ಪ್ರತಿ ದನಿಗೂ ಆ ಬೆನ್ನು ಸ್ವಲ್ಪ ನೆಟ್ಟಗಾಗುತ್ತದೆ, ಇವನಲ್ಲ ಎಂದು ಮತ್ತೆ ಬಾಗುತ್ತದೆ. ಕೊನೆಗೆ ಹೆಜ್ಜೆ ಬರುತ್ತದೆ, ನಿಲ್ಲುತ್ತದೆ. ದನಿಯಿಲ್ಲ, ಉಸಿರು ಮಾತ್ರ. ಒಳಗಿನವರು ಯಾರೂ ಉತ್ತರ ಕೊಡುವುದಿಲ್ಲ.

ಎಲಮಾನ್, ನನ್ನ ಬೆನ್ನು ಹಾಗಿತ್ತೆಂದು ನಿನಗೆ ಹೇಗೆ ಗೊತ್ತಾಯಿತು?

ಮೊದಲು ಎದೆ ಒಡೆಯಿತು, ಆಮೇಲೆ ಕೋಪ ಬಂತು. ಇಷ್ಟೆಲ್ಲ ಗೊತ್ತಿದ್ದವನು ನನ್ನ ಹತ್ತಿರ ಬಂದು ಹೇಳಬಹುದಿತ್ತಲ್ಲ? ಬಿಷ್ಕೆಕ್‌ನಿಂದ ತೋಕ್ಮೋಕ್‌ಗೆ ಬಸ್ಸಿರಲಿಲ್ಲವೇ? ನನ್ನೊಬ್ಬಳಿಗೆ ಹೇಳಬೇಕಾದ ಮಾತನ್ನು ಟಿಕೆಟ್ ಕೊಂಡು ಬಂದ ಊರಿನವರಿಗೆಲ್ಲ ಹೇಳಿದೆ. ನನ್ನ ಪಕ್ಕದಲ್ಲಿ ಒಬ್ಬ ಹುಡುಗಿ ಸೂರ್ಯಕಾಂತಿ ಬೀಜ ಸುಲಿಯುತ್ತ ಅದನ್ನು ಕೇಳಿಸಿಕೊಂಡಳು. ನನಗದು ಸಹಿಸಲಾಗಲಿಲ್ಲ. ಅಂಕಣದಲ್ಲಿ ನಿನ್ನ ಚಿತ್ರ ಆರಿಸಿದರೆ ಕಾರಣ ಬರೆಯಬೇಕು, ಕಾರಣ ಬರೆದರೆ ನಾನೂ ನಿನ್ನಂತೆಯೇ ಮನೆಯ ದುಃಖವನ್ನು ಬೀದಿಗೆ ಹಾಕಿದಂತೆ. ಅದಕ್ಕೇ ಆ ಹಾಸ್ಯಚಿತ್ರದ ಮಿನಿಬಸ್ಸು ಹತ್ತಿದೆ. ಇಷ್ಟು ವರ್ಷದಲ್ಲಿ ನನ್ನ ಓದುಗರಿಗೆ ನಾನು ಸುಳ್ಳು ಬರೆದದ್ದು ಇದೇ ಮೊದಲು.

ಇನ್ನು ವರ್ಷದ ಊಟ. ಬಾ ಎನ್ನಲಾರೆ, ಬರಬೇಡ ಎನ್ನಲೂ ಆರೆ. ಅಣ್ಣ ಊಟಕ್ಕೆ ಕಡಿಯಲು ಕುದುರೆ ಗೊತ್ತು ಮಾಡಿದ್ದಾನೆ, ಡೇರೆ ಮತ್ತೆ ಏಳುತ್ತದೆ, ಗಂಡಸರು ಮತ್ತೆ ಅಳುತ್ತ ಬರುತ್ತಾರೆ. ಆಮೇಲೆ ಅಮ್ಮ ಕಪ್ಪು ಬಟ್ಟೆ ತೆಗೆಯುತ್ತಾರೆ, ಅಲ್ಲಿಗೆ ಶೋಕ ಮುಗಿಯಿತು. ನಿನ್ನ ವಿಷಯ ತೆಗೆದರೆ ಅಣ್ಣ, "ಬರ್ಲಿ. ಆದ್ರೆ ಈ ಸಲಾನೂ ಕಂಬದ ಥರ ನಿಂತ್ರೆ ನಾನೇ ಗೇಟಿನ ದಾರಿ ತೋರಿಸ್ತೀನಿ" ಎನ್ನುತ್ತಾನೆ. ಮತ್ತೆ ಹಾಗೇ ಆದರೆ ನಮ್ಮಿಬ್ಬರ ನಡುವೆ ಉಳಿದಿರುವಷ್ಟೂ ಉಳಿಯುವುದಿಲ್ಲ. ನನಗಿರುವ ಹೆದರಿಕೆ ಅದೊಂದೇ. ನಿನಗೆ ತೋಚಿದಂತೆ ಮಾಡು.

ನಿನ್ನ ಅಮ್ಮನಿಗೆ ನನ್ನ ನಮಸ್ಕಾರ ಹೇಳು. ಮಂಡಿಗೆ ಕುರಿಕೊಬ್ಬು ಹಚ್ಚುವುದನ್ನು ನಿಲ್ಲಿಸಬಾರದೆಂದು ಹೇಳು.

ಇಂತಿ,
ಬೆಗಿಮಾಯ್

ಮರೆತದ್ದು: ಮರೆತದ್ದಲ್ಲ, ಮುಚ್ಚಿಟ್ಟದ್ದು. ಬೆಳಿಗ್ಗೆ ಲಕೋಟೆ ಮತ್ತೆ ಬಿಚ್ಚಿದ್ದೇನೆ.

ನಿನ್ನ ಚಿತ್ರವನ್ನು ಎರಡನೆಯ ಸಲವೂ ನೋಡಿದೆ, ಹೋದ ಭಾನುವಾರ. ಜೊತೆಗೆ ಅಮ್ಮ ಇದ್ದರು. ವರ್ಷ ತುಂಬದ ವಿಧವೆ ಸಿನಿಮಾಕ್ಕೆ ಹೋದಳೆಂದರೆ ಊರು ಏನನ್ನುತ್ತದೆ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. "ಅಂದ್ಕೊಳ್ಲಿ. ಅಳಿಯ ಏನ್ ಮಾಡಿದ್ದಾನೋ ನಾನೂ ನೋಡ್ಬೇಕು" ಎಂದು ಕಪ್ಪು ಶಾಲು ಹೊದ್ದು ಹೊರಟೇಬಿಟ್ಟರು. ಅಣ್ಣನಿಗೆ ಗೊತ್ತಿಲ್ಲ. ಆ ಹೆಜ್ಜೆ ಬಂದು ನಿಂತು, ಬರೀ ಉಸಿರು ಕೇಳಿಸಿತಲ್ಲ, ಆಗ ಆ ಕತ್ತಲೆಯಲ್ಲಿ ಅಮ್ಮ ಕೊಶೋಕ್ ಶುರುಮಾಡಿದರು. ಗಟ್ಟಿಯಾಗಿ, ಡೇರೆಯಲ್ಲಿ ಕೂತಂತೆಯೇ. ನಾನು ಕೈ ಹಿಡಿದು ತಡೆಯಲು ನೋಡಿದೆ. ಯಾರೂ ನಗಲಿಲ್ಲ. ಹಿಂದಿನ ಸಾಲಿನಿಂದ ಗುರುತಿಲ್ಲದ ಮುದುಕಿಯೊಬ್ಬಳು ದನಿ ಸೇರಿಸಿದಳು.

ಬಸ್ಸಿನಲ್ಲಿ ಅಮ್ಮ ಹೇಳಿದ್ದನ್ನು ಹಾಗೇ ಬರೆಯುತ್ತೇನೆ. "ಅವತ್ತು ಅವನು ಬಂದು ನಿಂತಿದ್ದು ನಂಗೆ ಕೇಳಿಸಿತ್ತು ಕಣೇ. ಅವನ ಹೆಜ್ಜೆ ನಂಗೊತ್ತಿಲ್ವಾ? ಅಳು ಬರ್ಲಿಲ್ಲ ಅಂತ ನಾವೂ ಸುಮ್ನೆ ಕೂತ್ವಿ. ಬಾಗಿಲಿಗೆ ಬಂದವನಿಗೆ ಉತ್ತರ ಕೊಡ್ದೆ ಕಳಿಸಿದ್ವಿ."

ನಿನಗೆ ನಿಜ ಬರೆದ ಕೈಯಲ್ಲೇ ಓದುಗರಿಗೆ ಸುಳ್ಳು ಬರೆಯಲು ಮನಸ್ಸು ಒಪ್ಪಲಿಲ್ಲ. ಈಗಷ್ಟೇ ಜಿಪಾರ್‌ಗೆ ಫೋನ್ ಮಾಡಿ ಮಿನಿಬಸ್ಸನ್ನು ಇಳಿಸಿ ನಿನ್ನ ಚಿತ್ರ ಹಾಕಿಸಿದೆ. ಕಾರಣ ಬರೆದಿಲ್ಲ. ಇದು ನನ್ನ ಗಂಡ ಮಾಡಿದ್ದು, ನನ್ನ ಮಾತನ್ನು ನಂಬುವುದು ಬಿಡುವುದು ನಿಮಗೆ ಸೇರಿದ್ದು ಎಂದಷ್ಟೇ ಇದೆ. "ಗಂಡ ಅಂತಲೇ ಇರ್ಲಾ?" ಎಂದು ಎರಡೆರಡು ಸಲ ಕೇಳಿದಳು. ಇರಲಿ ಎಂದೆ.

ಜನವರಿಯ ಎರಡನೆಯ ಭಾನುವಾರ. ಅಣ್ಣನನ್ನು ನಾನು ನೋಡಿಕೊಳ್ಳುತ್ತೇನೆ. ನಿನಗೆ ದನಿ ಬರದಿದ್ದರೆ ಬೇಡ, ಬಂದು ಡೇರೆಯ ಹತ್ತಿರ ನಿಂತುಕೋ. ಒಳಗಿನಿಂದ ನಾನು ಶುರುಮಾಡುತ್ತೇನೆ.